ಆಯುಧಪೂಜೆಯ ವಿಡಿಯೋ

ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಯಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದ ತನುಜಾಳ ಕಿವಿ ಪಕ್ಕದ ಬೆಂಚಿನ ಕಡೆಗೇ ಇತ್ತು. ಅಲ್ಲಿ ದಾಸನಕೊಪ್ಪದ ಲೇತ್ ಅಂಗಡಿಯ ಶರಣ ಮಂಡಿ ಆಪರೇಷನ್ ಮಾಡುವ ಡಾಕ್ಟರೊಬ್ಬರಿಗಾಗಿ ತಾನೇ ಮಾಡಿದ, ಟವೆಲಿನಲ್ಲಿ ಸುತ್ತಿದ ಕ್ಲಾಂಪನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅವನ ತಂಗಿ ಸ್ಫೂರ್ತಿ ಅದರ ಪೇಟೆಂಟ್ ಅರ್ಜಿ ತುಂಬುತ್ತಿದ್ದಳು.

"ಅಣ್ಣಾ, ಡಾಕ್ಟರನ್ನ ಬಿಟ್ಟು ಇದನ್ನ ಯಾರಿಗೂ ತೋರಿಸಿಲ್ಲಲ್ಲ? ಮೊದಲ ನಾಕು ಮಂದಿಗೆ ಗೊತ್ತಾಗಿದ್ರ ಹೊಸಾದು ಅಂತ ಪೇಟೆಂಟ್ ಕೊಡೂದಿಲ್ಲ."

"ಯಾರಿಗೂ ಇಲ್ಲವಾ. ದೇವರಿಗೆ ಅಷ್ಟ."

"ದೇವರಿಗಂದ್ರ?"

"ಆಯುಧಪೂಜಿಗೆ ಅಂಗಡ್ಯಾಗಿನ ಎಲ್ಲಾ ಸಾಮಾನು ಇಡತೇವಲ್ಲ, ಇದನ್ನೂ ಇಟ್ಟು ಕುಂಕುಮ ಹಚ್ಚಿದೆ. ನಿಮ್ಮ ವೈನಿ ವಿಡಿಯೋ ತಗದು ಫೇಸ್‌ಬುಕ್ಕಿಗೆ ಹಾಕಿದ್ಲು."

"ಬರೇ ಪೂಜಿದು ಹೌದಲ್ಲ?"

"ಮಂಡಿಚಿಪ್ಪಿಗೆ ಹೊಸಾ ಬಿಲ್ಲಿ ಅಂಟಿಸುವಾಗ ಇದು ಹೆಂಗ ಒತ್ತಿ ಹಿಡಿತೈತಿ ಅಂತ ಒಡದ ತೆಂಗಿನಕಾಯಿ ಮ್ಯಾಲೆ ತೋರಿಸೇನಿ."

ಸ್ಫೂರ್ತಿಯ ಪೆನ್ನು ನಿಂತಿತು.

"ಯಾರರ ಏನರ ಕೇಳಿದ್ರೇನು?"

"ಒಬ್ಬಾಂವ ಕ್ಲಾಂಪಿನ ಹಲ್ಲಿನ ಅಳತಿ ಕೇಳಿದ. ಇಷ್ಟು ಆಸಕ್ತಿಯಿಂದ ಕೇಳ್ತಾನಲ್ಲ ಅಂತ ಸ್ಪ್ರಿಂಗಿನ ಅಳತಿನೂ ಹೇಳಿದೆ."

"ಶಾಣ್ಯಾ ಅದಿ. ಎರಡು ವರ್ಷದ ದುಡಿಮಿ ಅಣ್ಣಾ ಇದು. ಈಗ ತೆಗಿ ಆ ವಿಡಿಯೋ."

"ಅರ್ಜಿ ಹಾಕೂದೈತಿ ಅಂತ ಅಂಜಿ ಮುಂಜಾನೆನ ತಗದೇನಿ."

"ಮತ್ತ ಮಾರಿ ಯಾಕ ಹಂಗ ಮಾಡೀ?"

ಹುಬ್ಬಳ್ಳಿ ಬಸ್ಸು ಬಂದು ನಿಂತಿತು. ಶರಣ ಕ್ಲಾಂಪನ್ನು ಎದೆಗವಚಿಕೊಂಡು ಎದ್ದ.

"ತಗದು ಹತ್ತು ನಿಮಿಷ ಆಗಿರಲಿಲ್ಲ, ಆ ಅಳತಿ ಕೇಳಿದಾಂವನ ಮೆಸೇಜ್ ಬಂತು. ಅಳಿಸಿದ್ರೂ ಚಿಂತಿಲ್ಲರಿ, ನಮ್ಮ ಕಂಪನಿ ವಕೀಲರ ಹತ್ರ ಒಂದು ಕಾಪಿ ಐತಿ ಅಂದಾನ."

ಸ್ಫೂರ್ತಿ ಅರ್ಧ ತುಂಬಿದ ಅರ್ಜಿಯನ್ನು ಮಡಚಿಕೊಂಡು ಅವನ ಹಿಂದೆ ಬಸ್ಸು ಹತ್ತಿದಳು.