ಹಾಳೆ ತಿರುವಿದ ಸಪ್ಪಳ

೧೯೯೮ರ ಬೇಸಿಗೆ, ಬೈಲಹೊಂಗಲದ ಬಸ್ ಸ್ಟ್ಯಾಂಡು. ನನ್ನ ಬೆಂಚಿನಲ್ಲೇ ಕುಳಿತಿದ್ದ ನಾಗರತ್ನಾ ಎಂಬಾಕೆ ಒಂದು ದಪ್ಪ ಕಾದಂಬರಿಯನ್ನು ಗ್ರಂಥಾಲಯದ ವಿರೂಪಾಕ್ಷಪ್ಪನಿಗೆ ಮರಳಿಸುತ್ತಿದ್ದಳು.

“ನಿಮ್ಮ ಅವ್ವಾರು ತೀರಿಕೊಂಡದ್ದು ಕೇಳಿ ಭಾಳ ಕೆಟ್ಟ ಅನಿಸ್ತ್ರಿ. ಕತಿ ಪೂರ್ತಿ ಕೇಳಿದ್ರೇನು?” ಆತ ವಿಚಾರಿಸಿದ.

“ಕಣ್ಣ ಕಾಣ್ತಿರಲಿಲ್ಲ, ದಿನಾ ಸಂಜಿಗೆ ನಾನ ಓದಿ ಹೇಳ್ತಿದ್ದೆ. ದೇಸಾಯರ ವಾಡೇದಾಗಿನ ಕೊಲಿ ಪತ್ತೆ ಹಚ್ಚೋ ಆ ಸೂಲಗಿತ್ತಿ, ಆ ಕುರುಡ ಡೊಳ್ಳಿನವ, ಇಬ್ಬರೂ ನಮ್ಮ ಮನಿ ಮಂದೀನ ಆಗಿಬಿಟ್ಟಿದ್ರು.”

“ಕೊಂದಾಂವ ಯಾರಂತ ಅವ್ವಾರು ಮೊದಲ ಹೇಳಿದ್ರೇನು?”

“ಖಜಾನಿ ಕಾರಕೂನನ ಅಂತ ಹಟ ಹಿಡಿದಿದ್ಲು. ಕಡೀ ದಿನ ಉಸಿರಿಗೆ ಭಾಳ ತ್ರಾಸ ಆತು. ಸಮಾಧಾನ ಆಗ್ಲಿ ಅಂತ, ಮುಂದಿನ ಹಾಳಿ ನೋಡದನ ‘ಕಾರಕೂನನೇ ಕೊಂದಿದ್ದ’ ಅಂತ ಓದಿದಂಗ ಮಾಡಿದೆ.”

“ನಂಬಿದ್ರೇನು?”

“‘ಹಾಳಿ ತಿರುವಿದ ಸಪ್ಪಳ ಬರಲಿಲ್ಲ. ಖರೇ ಓದು’ ಅಂದ್ಲು.”

“ಆಮ್ಯಾಲೆ?”

“ತಿರುವಿ ಓದಿದ್ನಿರಿ. ಖರೇನ ಕಾರಕೂನನ ಇದ್ದ. ಅವ್ವಾ, ನೀ ಹೇಳಿದ್ದ ಬರೋಬ್ಬರಿ ಅಂತ ತಲಿ ಎತ್ತಿ ನೋಡಿದೆ. ಕೇಳಾಕ ಅಕಿ ಇರಲಿಲ್ಲ.”

ನೇಸರಗಿ ಬಸ್ಸು ಬಂತು. ಆಕೆ ಹತ್ತಿದಳು. ವಿರೂಪಾಕ್ಷಪ್ಪ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಬಜಾರದ ಕಡೆ ನಡೆದ.