ಮಾದರಿ ಕಡತದ ಅರ್ಜಿದಾರೆ

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ತರಬೇತಿ ಸಂಸ್ಥೆಯ ನಿರ್ದೇಶಕರೇ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿಯಾಗಿದ್ದು ಇಂದು ನೀರು ಸರಬರಾಜು ಕಚೇರಿಯ ಮುಖ್ಯಸ್ಥರಾಗಿ ಬಂದಿರುವ ಮುಖ್ಯ ಅತಿಥಿಗಳೇ, ಸಹೋದ್ಯೋಗಿಗಳೇ, ನಾಳೆಯಿಂದ ಒಂದೊಂದು ಕಚೇರಿಯಲ್ಲಿ ಒಂದೊಂದು ಕುರ್ಚಿ ಹಿಡಿಯಲಿರುವ ಪ್ರಶಿಕ್ಷಣಾರ್ಥಿಗಳೇ, ಮತ್ತು ಊಟದ ಹೊತ್ತಾಗುತ್ತಿದ್ದರೂ ಎದ್ದು ಹೋಗದೆ ಕೂತಿರುವ ಸಭಿಕರೇ,

ಇದೇ ಕಟ್ಟಡದಲ್ಲಿ ಹತ್ತೊಂಬತ್ತು ವರ್ಷ ನಿಂತು ಮಾತಾಡಿದವನಿಗೆ ನಿವೃತ್ತಿಯ ದಿನ ಒಂದು ಮಾತು ಬಾಕಿ ಉಳಿದಿದೆ. ಜೇಬಿನಲ್ಲಿ ನಾಲ್ಕು ಪುಟದ ಭಾಷಣವಿದೆ. ನನ್ನ ಹೆಂಡತಿಯೇ ಕೂತು ತಿದ್ದಿದ್ದು. ಅವಳು ಮೂರನೇ ಸಾಲಿನಲ್ಲಿ ಕೂತು, ಅದನ್ನು ಹೊರಗೆ ತೆಗೆಯಿರಿ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಾಳೆ. ಇಲ್ಲ ಮಾರಾಯ್ತಿ, ಅದನ್ನು ಓದುವುದಿಲ್ಲ.

ನನ್ನ ಬಗ್ಗೆ ಇಲ್ಲಿ ತುಂಬ ಒಳ್ಳೆಯ ಮಾತುಗಳು ಬಂದವು. ಟಿಪ್ಪಣಿ ಬರೆಯುವುದನ್ನು ಇವರ ಹಾಗೆ ಕಲಿಸುವವರಿಲ್ಲ ಎಂದರು. ನಿರ್ದೇಶಕರು ನನ್ನ 'ಮಾದರಿ ಕಡತ'ವನ್ನು ಹಾಡಿ ಹೊಗಳಿದರು. ಅವರು ಆ ಮಾತು ಎತ್ತದಿದ್ದರೆ ನಾನು ಈಗಲೂ ಜಾರಿಕೊಳ್ಳುತ್ತಿದ್ದೆನೋ ಏನೋ, ದೇವರಾಣೆ ಗೊತ್ತಿಲ್ಲ.

ಆ ಕಡತವನ್ನು ನೀವೆಲ್ಲ ಬಲ್ಲಿರಿ. ನೀರು ಬಿಡುವ ನೌಕರ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದಾನೆ. ಅವನ ಹೆಂಡತಿ, ಗಂಡನ ಕಚೇರಿಯಲ್ಲಿ ತನಗೊಂದು ಕೆಲಸ ಕೊಡಿ ಎಂದು ಅರ್ಜಿ ಹಾಕಿದ್ದಾಳೆ. ಸಾವಿನ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬರಬೇಕೆಂಬುದು ನಿಯಮ. ಎಂಟನೇ ತಿಂಗಳಲ್ಲೇ ಬಂದಿದೆ. ಮರಣಪತ್ರವಿದೆ, ಸೇವಾ ದಾಖಲೆಯಿದೆ, ಶಾಲೆಯ ದಾಖಲೆಯಿದೆ, ಎಲ್ಲವೂ ಇದೆ. ಬೇಕಾಗಿರುವುದು ಒಂದು ಟಿಪ್ಪಣಿ ಮಾತ್ರ. ವರ್ಷಕ್ಕೆ ಎರಡು ತಂಡದಂತೆ ನೀವೆಲ್ಲ ಅದರ ಮೇಲೆ ಟಿಪ್ಪಣಿ ಬರೆದಿದ್ದೀರಿ, 'ನೇಮಕಾತಿಗೆ ಪರಿಗಣಿಸಬಹುದು' ಎಂದು. ಹೆಸರಿದ್ದ ಜಾಗಗಳ ಮೇಲೆಲ್ಲ ಬಿಳಿ ಕಾಗದದ ಪಟ್ಟಿ ಅಂಟಿಸಿತ್ತು. ಹಾಗಾಗಿ ನೀವು ಆಕೆಯನ್ನು 'ಮಾದರಿ ಅಮ್ಮ' ಎಂದು ಕರೆದಿರಿ. ನಾನೂ ಹಾಗೇ ಕರೆದೆ.

ಸಭಿಕರೇ, ಅದು ಮಾದರಿ ಕಡತವಲ್ಲ. ನಿಜವಾದ ಕಡತ.

ಇಲ್ಲಿಗೆ ಬರುವ ಮೊದಲು ನಾನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಅರ್ಜಿಗಳನ್ನು ತೆಗೆದುಕೊಳ್ಳುವ ಮೇಜು ನನ್ನದು. ಆಕೆ ಬಂದ ದಿನ ಸ್ವೀಕೃತಿ ಚೀಟಿಯ ಪುಸ್ತಕ ಮುಗಿದಿತ್ತು. ಅರ್ಜಿಗೆ ಮೊಹರು ಒತ್ತಿ, "ಚೀಟಿ ನಾಳೆ ಕೊಡ್ತೀನಿ, ಬನ್ನಿ ಅಮ್ಮ" ಎಂದೆ. ಅಂದು ಸಂಜೆಯೇ ನನಗೆ ಇಲ್ಲಿಗೆ ವರ್ಗವಾಯಿತು, ಮರುದಿನ ಆ ಮೇಜಿನಲ್ಲಿ ನಾನಿರಲಿಲ್ಲ. ಬಾಕಿ ಟಿಪ್ಪಣಿ ಬರೆದು ಕಳಿಸೋಣ ಎಂದು ನಾಲ್ಕೈದು ಕಡತಗಳನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಇಲ್ಲಿ ನೋಡಿದರೆ ಪಾಠಕ್ಕೆ ಒಂದು ಕಾಗದವೂ ಇಲ್ಲ! ಮೊದಲ ತರಗತಿ, ಎದುರಿಗೆ ನಲವತ್ತು ಮುಖ. ಚೀಲಕ್ಕೆ ಕೈ ಹಾಕಿದೆ, ಆ ಕಡತ ಸಿಕ್ಕಿತು. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಪಾಠ ತಾನಾಗಿಯೇ ನಡೆದುಹೋಯಿತು. ಚಪ್ಪಾಳೆಯೂ ಬಿತ್ತು. ಉಳಿದವನ್ನು ವಾಪಸು ಕಳಿಸಿದೆ. ಇದೊಂದು ಮುಂದಿನ ವಾರ ಹೋದರಾಯಿತು ಎಂದುಕೊಂಡೆ. ಹೆಸರು ಕಾಣಬಾರದೆಂದು ಪಟ್ಟಿ ಅಂಟಿಸಿದವನೂ ನಾನೇ. ಅಂಟಿಸಿದ ಮೇಲೆ, ನಿಜ ಹೇಳುತ್ತೇನೆ, ಆ ಪಟ್ಟಿಯ ಕೆಳಗೆ ಒಬ್ಬರು ಇದ್ದಾರೆ ಎಂಬುದೇ ನನಗೆ ಮರೆತುಹೋಯಿತು.

ಪೂರ್ತಿ ಮರೆತಿತ್ತೇ? ಹಾಗೆಂದು ಹೇಳಿಕೊಳ್ಳಲು ಆಸೆ. ಆದರೆ ಒಮ್ಮೆ ತರಗತಿಯಲ್ಲಿ ಒಬ್ಬಳು ಎದ್ದು ನಿಂತು, "ಸರ್, ಈ ಅಮ್ಮನಿಗೆ ಕೊನೆಗೆ ಕೆಲ್ಸ ಸಿಕ್ತಾ?" ಎಂದು ಕೇಳಿದಳು. ನಾನು ಆ ಕಡತವನ್ನು ಪಟ್ಟನೆ ಮುಚ್ಚಿದೆ. "ಪರೀಕ್ಷೇಲಿ ಈ ಪ್ರಶ್ನೆ ಬರಲ್ಲ, ಕೂತ್ಕೊಳಮ್ಮ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಕೇಳಿದವರು ಈಗ ಈ ವೇದಿಕೆಯ ಮೇಲೇ ಮುಖ್ಯ ಅತಿಥಿಯಾಗಿ ಕೂತಿದ್ದಾರೆ. ಮೇಡಂ, ಆಗ ನಿಮ್ಮನ್ನು ಕೂರಿಸಿದ್ದಕ್ಕೆ ಕ್ಷಮಿಸಿ.

ಹೋದ ವಾರ ಕಪಾಟು ಖಾಲಿ ಮಾಡುವಾಗ ಅಂಟು ಒಣಗಿ ಒಂದು ಪಟ್ಟಿ ಉದುರಿತು. ಹೆಸರು, ವಿಳಾಸ, ಕೆಳಗೆ ನಾನೇ ಒತ್ತಿದ ಮೊಹರು. ಹತ್ತು ನಿಮಿಷ ನೆಲದ ಮೇಲೆ ಕೂತುಬಿಟ್ಟೆ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳೂ ಕೂತಳು. ಆಮೇಲೆ, "ನಿಮ್ಮ ಪಿಂಚಣಿ ಕಾಗದ ಕೈಗೆ ಬರೋವರೆಗೂ ಬಾಯಿ ಬಿಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. ಅವಳದು ತಪ್ಪಲ್ಲ. ಕಚೇರಿಯ ಕಡತವನ್ನು ಬಚ್ಚಿಟ್ಟುಕೊಂಡ ನೌಕರನಿಗೆ ಏನೇನಾಗುತ್ತದೆ? ಆ ನಿಯಮವನ್ನೂ ನಾನೇ ಪಾಠ ಮಾಡಿದ್ದೇನೆ, ಉಪನಿಯಮಗಳ ಸಮೇತ.

ಭಾನುವಾರ ಆ ವಿಳಾಸ ಹುಡುಕಿಕೊಂಡು ಹೋದೆ. ಹಿಂಬದಿಯ ಮೆಟ್ಟಿಲು ಹತ್ತಿ ಎರಡನೇ ಮಹಡಿ. ಬಾಗಿಲ ಹತ್ತಿರವೇ ಹೊಲಿಗೆ ಯಂತ್ರ, ಪಕ್ಕದಲ್ಲಿ ಶಾಲಾ ಸಮವಸ್ತ್ರಗಳ ರಾಶಿ. ಆಕೆಗೆ ನನ್ನ ಗುರುತು ಸಿಗಲಿಲ್ಲ. ಹಳೆಯ ಅರ್ಜಿಯ ವಿಚಾರ ಎಂದ ಕೂಡಲೇ ಯಂತ್ರ ನಿಲ್ಲಿಸಿದರು. "ಅರ್ಜಿನೇ ಬಂದಿಲ್ಲ ಅಂದ್ರು ಸಾರ್. ಏಳು ಸಲ ಹೋದೆ. ಚೀಟಿ ತೋರ್ಸು ಅಂದ್ರು. ಚೀಟಿ ಎಲ್ಲಿಂದ ತರ್ಲಿ? ಆಮೇಲಾಮೇಲೆ ನಂಗೇ ಅನುಮಾನ ಬಂತು. ಅವರು ಹೋದ ದುಃಖದಲ್ಲಿ ನಾನು ಕೊಟ್ಟೇ ಇಲ್ವೇನೋ, ಕೊಟ್ಟೆ ಅಂತ ಸುಮ್ನೆ ಅಂದ್ಕೊಂಡೆನೇನೋ ಅಂತ. ಮನೇಲಿ ಎಲ್ರೂ ಹಂಗೇ ಅಂತಾರೆ. ನಿಂಗೆ ಆಗ ತಲೆ ನೆಟ್ಟಗಿರ್ಲಿಲ್ಲ ಬಿಡು ಅಂತಾರೆ."

ನಾನು ಏನು ಮಾಡಿದೆ ಗೊತ್ತೇ? ಅವರು ಕೊಟ್ಟ ನೀರು ಕುಡಿದೆ. "ವಿಳಾಸ ಪರಿಶೀಲನೆಗೆ ಬಂದಿದ್ದೆ, ಶುಕ್ರವಾರ ಹನ್ನೊಂದಕ್ಕೆ ತರಬೇತಿ ಸಂಸ್ಥೆಗೆ ಬನ್ನಿ" ಎಂದು ಹೇಳಿ ಮೆಟ್ಟಿಲಿಳಿದು ಬಂದೆ. ಅರ್ಜಿ ನನ್ನ ಹತ್ತಿರವೇ ಇದೆ ಎಂದು ಹೇಳಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು! ಅವರು ಬಂದರೆ ಹೇಗೆ ಎಂದು ಹೆದರಿದೆ. ಬಾರದಿದ್ದರೆ ಹೇಗೆ ಎಂದು ಇನ್ನೂ ಹೆದರಿದೆ.

ಬಂದಿದ್ದಾರೆ. ಕೊನೆಯ ಸಾಲಿನಲ್ಲಿ, ಮಗಳ ಜೊತೆ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ನೋಡಿಯೇ ಬಿಟ್ಟಿರಿ.

ಪ್ರಶಿಕ್ಷಣಾರ್ಥಿಗಳೇ, ನಿಮಗೆ ಕಲಿಸಿದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಈ ಹೊತ್ತಿನಲ್ಲಿ ನನಗೇ ತಿಳಿಯುತ್ತಿಲ್ಲ. ಟಿಪ್ಪಣಿ ಹೇಗೆ ಬರೆಯಬೇಕೆಂದು ಕಲಿಸಿದೆ. ಬರೆದ ಮೇಲೆ ಅದನ್ನು ಕಳಿಸಬೇಕು ಎಂದು ನಾನೇ ಮಾಡಿ ತೋರಿಸಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಹುಡುಕಿದವರಿಗೆ ಕಡತ ಸಿಗಲಿಲ್ಲ. ಸಿಗದ ಕಡತಕ್ಕೆ ನಾವು ಏನನ್ನುತ್ತೇವೆ? ಬಂದೇ ಇಲ್ಲ ಎನ್ನುತ್ತೇವೆ. ಆ ಉತ್ತರ ಕೊಟ್ಟವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರೇ? ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ.

ಮುಖ್ಯ ಅತಿಥಿಗಳೇ, ಕಡತ ತಂದಿದ್ದೇನೆ. ಪಟ್ಟಿಗಳನ್ನೆಲ್ಲ ನೀರು ಹಚ್ಚಿ ಬಿಡಿಸಿದ್ದೇನೆ. ಎರಡು ಕಡೆ ಕಾಗದ ಹರಿದಿದೆ, ಅದೂ ನನ್ನದೇ ತಪ್ಪು. ಆಕೆಗೆ ಕೆಲಸಕ್ಕೆ ಸೇರುವ ವಯಸ್ಸು ದಾಟಿದೆ. ಮಗಳಿಗೆ ಆ ಅವಕಾಶ ಕೊಡಬಹುದೋ ಇಲ್ಲವೋ ನೀವು ನಿರ್ಧರಿಸಬೇಕು. ಕೊನೆಯ ಹಾಳೆಯಲ್ಲಿ ನನ್ನ ಟಿಪ್ಪಣಿ ಇದೆ, ಓದುತ್ತೇನೆ. 'ಸದರಿ ಅರ್ಜಿಯನ್ನು ಅರ್ಜಿದಾರರು ನಿಗದಿತ ಅವಧಿಯೊಳಗೆ ಖುದ್ದಾಗಿ ಸಲ್ಲಿಸಿರುತ್ತಾರೆ. ಅರ್ಜಿಯನ್ನು ಪಡೆದವನು ನಾನು. ಕಡತವು ಹತ್ತೊಂಬತ್ತು ವರ್ಷ ನನ್ನ ವಶದಲ್ಲಿತ್ತು. ವಿಳಂಬಕ್ಕೆ ನಾನೊಬ್ಬನೇ ಹೊಣೆ. ಆದೇಶಕ್ಕಾಗಿ ಮಂಡಿಸಿದೆ.' ಕೆಳಗೆ ನನ್ನ ಸಹಿ, ಇವತ್ತಿನ ದಿನಾಂಕ. ಸಂಜೆ ಐದೂವರೆಯವರೆಗೆ ನಾನಿನ್ನೂ ನೌಕರ, ಹಾಗಾಗಿ ಈ ಸಹಿಗೆ ಬೆಲೆಯಿದೆ. ಮೊದಲು ಈ ಅರ್ಜಿಗೆ ಸ್ವೀಕೃತಿ ಚೀಟಿ ಬರೆದು ಆಕೆಯ ಕೈಗೇ ಕೊಡಿ. ನಾಳೆ ಬನ್ನಿ ಎನ್ನಬೇಡಿ.

ಅಧ್ಯಕ್ಷರಿಗೆ, ಅತಿಥಿಗಳಿಗೆ, ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೆ ಋಣಿಯಾಗಿದ್ದೇನೆ. ಮೂರನೇ ಸಾಲಿನಲ್ಲಿ ಅಳುತ್ತಿರುವವಳಿಗೆ ಹೇಳಬೇಕಾದ್ದನ್ನು ಮನೆಯಲ್ಲಿ ಹೇಳುತ್ತೇನೆ. ಕೊನೆಯ ಸಾಲಿನಲ್ಲಿರುವ ಅಮ್ಮ, ನಿಮ್ಮ ಮನೆಯಲ್ಲಿ ಎಲ್ಲರಿಗೂ ಹೋಗಿ ಹೇಳಿ. ನಿಮ್ಮ ತಲೆ ನೆಟ್ಟಗೇ ಇತ್ತು. ನೀವು ಅರ್ಜಿ ಕೊಟ್ಟಿದ್ದಿರಿ. ನನ್ನ ಕೈಗೇ ಕೊಟ್ಟಿದ್ದಿರಿ. ನಮಸ್ಕಾರ.