ನೆಲುವಿನ ಮೇಲಿನ ಗಡಿಗೆ

ನವೀಕರಣ. ಈ ಮಾತು ಕೇಳಿದ ಕೂಡಲೇ ನಿಮಗೆ ಏನು ನೆನಪಾಗುತ್ತದೆ, ಹೇಳಿ? ಡ್ರೈವಿಂಗ್ ಲೈಸೆನ್ಸು. ಬಸ್ ಪಾಸು. ಗಾಡಿಯ ವಿಮೆ. ತಾರೀಖು ಮುಗಿದರೆ ದಂಡ ಬೀಳುತ್ತದೆಂದು ಕೆಲಸ ಬಿಟ್ಟು ಓಡುತ್ತೀರಿ. ನೋಡಿ, ಹಿಂದೆ ಕಂಬಕ್ಕೆ ಒರಗಿದವರು ನಗುತ್ತಿದ್ದಾರೆ. ಅವರದು ಮುಗಿದು ವರ್ಷವಾಗಿರಬೇಕು. ಇರಲಿ. ದಂಡ ಹಾಕುವವರೇ ಇಲ್ಲದ ಸಂಗತಿಗಳಿರುತ್ತವಲ್ಲ, ಅವನ್ನು ಯಾವಾಗ ಹೊಸತು ಮಾಡಿಕೊಳ್ಳುತ್ತೀರಿ?

ಒಂದೂರಲ್ಲಿ ಒಬ್ಬ ಸಾಹುಕಾರನಿದ್ದ. ಕಥೆಯ ಸಾಹುಕಾರರಿಗೆ ಹೆಸರಿರುವುದಿಲ್ಲ, ಇವನಿಗಿತ್ತು, ಮಲಕಾಜಪ್ಪ. ಹೊಲ, ಮನೆ, ಕೊಟ್ಟಿಗೆ ತುಂಬ ಎಮ್ಮೆ. ಆದರೆ ಊರು ಅವನನ್ನು ಹೊಗಳುತ್ತಿದ್ದುದು ಹೆಂಡತಿ ನಿಂಬೆವ್ವನ ಮೊಸರಿಗಾಗಿ. ಕೊಯ್ದರೆ ಹೋಳಾಗುವ ಮೊಸರು! ದಿನಾ ಇಳಿಹೊತ್ತಿಗೆ ಓಣಿಯ ಹೆಣ್ಣುಮಕ್ಕಳು ಬಟ್ಟಲು ಹಿಡಿದು ಹೆಪ್ಪಿಗೆ ಬರುವರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬ ಪದ್ಧತಿ ನಿಮಗೂ ಗೊತ್ತು. ಅದಕ್ಕೇ ನಿಂಬೆವ್ವ ಹೊತ್ತು ಮುಳುಗುವುದರೊಳಗೆ ಎಲ್ಲರಿಗೂ ಒಂದೊಂದು ಚಮಚ ಹಾಕಿ ಕಳಿಸುವಳು. ನಮ್ಮ ಮನೆಯ ರುಚಿ ಊರಿಗೆಲ್ಲ ಹಂಚುತ್ತಾಳೆ ಎಂದು ಸಾಹುಕಾರ ಗೊಣಗುವನು. ಅವಳು ನಕ್ಕು ಮುಂದಿನ ಬಟ್ಟಲಿಗೆ ಹಾಕುವಳು.

ಒಂದು ಸಂಜೆ ಹಾಲಿಗೆ ಹೆಪ್ಪು ಹಾಕಿ ಮಲಗಿದ ನಿಂಬೆವ್ವ ಬೆಳಿಗ್ಗೆ ಏಳಲಿಲ್ಲ. ಮಣ್ಣು ಮಾಡಿ ಬಂದವನು ಅಡುಗೆಮನೆಗೆ ಕಾಲಿಟ್ಟರೆ ತೊಲೆಗೆ ಕಟ್ಟಿದ ನೆಲುವಿನ ಮೇಲೆ ಗಡಿಗೆ ತೂಗುತ್ತಿದೆ. ಅವಳು ಹೋದಳು, ಅವಳ ಮೊಸರು ಕೂತಿದೆ. ಮಾತನಾಡಿಸಲು ಬಂದಿದ್ದ ಹಿಂದಿನ ಓಣಿಯ ನೇಕಾರರ ತುಳಜವ್ವ, ಅದು ಕೆಡುವ ಮೊದಲು ಒಂದು ಚಮಚ ಹೊಸ ಹಾಲಿಗೆ ಹಾಕಿದರೆ ಮುಂದಕ್ಕೆ ನಡೆಯುತ್ತದೆ ಎಂದಳು. ಸಾಹುಕಾರ ಎದ್ದು ನಿಂತ.

"ಇದು ಆಕೀ ಕೈಯಾಗಿನ ಕಡೀ ಮೊಸರು. ಯಾರೂ ಮುಟ್ಟಬ್ಯಾಡ್ರಿ."

ಅಂದಿನಿಂದ ಹೆಪ್ಪಿಗೆ ಬಂದವರಿಗೆಲ್ಲ ಬಾಗಿಲು ಮುಚ್ಚಿತು. ಅವನೂ ತಿನ್ನಲಿಲ್ಲ. ತಿಂದರೆ ಮುಗಿದುಹೋಗುತ್ತದಲ್ಲ! ಗಡಿಗೆಗೆ ಬಟ್ಟೆ ಕಟ್ಟಿದ, ಹೂವು ಏರಿಸಿದ. ಮೊಸರು ಕೇಳುತ್ತದೆಯೇ? ಹುಳಿಯಾಯಿತು, ಬೂಸ್ಟು ಬಂತು, ಆಮೇಲೆ ಹುಳ ಬಿತ್ತು. ಕೊನೆಗೆ ಅವನೇ ಒಯ್ದು ತಿಪ್ಪೆಗೆ ಸುರಿದು, ಅಲ್ಲೇ ಕೂತು ಗೊಳೋ ಎಂದು ಅತ್ತ. ಎರಡನೆಯ ಸಲ ಹೆಂಡತಿಯನ್ನು ಮಣ್ಣು ಮಾಡಿದಂತಾಯಿತು. ಅಡುಗೆಗೆಂದು ಬಂದವಳು, ಬಾಗಿಲು ಮುಚ್ಚಿದ ಮೇಲೆ ಓಣಿಯವರನ್ನು ಕೇಳಲು ನಾಚಿ, ಪೇಟೆಯಿಂದ ಹೆಪ್ಪು ತಂದಳು, ಬೀಗರ ಮನೆಯಿಂದ ತಂದಳು. ಊಟದ ಕೊನೆಗೆ ಅನ್ನಕ್ಕೆ ಮೊಸರು ಬಿದ್ದರೆ ಸಾಕು, ಒಂದು ತುತ್ತು ಬಾಯಿಗಿಟ್ಟು ಕೈ ತೊಳೆಯುವನು. ಅವನ ನಾಲಿಗೆ ದಿನಾ ಅವಳನ್ನು ಹುಡುಕುತ್ತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಹೊಲದಿಂದ ಬರುವಾಗ ತಲೆ ತಿರುಗಿ, ಯಾರ ಮನೆಯೆಂದೂ ನೋಡದೆ ಒಂದು ಕಟ್ಟೆಯ ಮೇಲೆ ಕುಸಿದು ಕೂತ. ಒಳಗೆ ಮಗ್ಗದ ಸದ್ದು ನಿಂತಿತು. ಹೊರಗೆ ಬಂದವಳು ತುಳಜವ್ವ. ಹಳೆಯದನ್ನು ಎತ್ತಿ ಆಡದೆ ಒಂದು ತಂಬಿಗೆ ಮಜ್ಜಿಗೆ ಕೊಟ್ಟಳು. ಒಂದು ಗುಟುಕು ಕುಡಿದ ಸಾಹುಕಾರ ತಂಬಿಗೆ ಕೆಳಗಿಟ್ಟ. ಅದೇ ರುಚಿ. ಈ ಹೆಪ್ಪು ಎಲ್ಲಿಯದು ಎಂದು ಕೇಳಿದ. ನಿಮ್ಮ ಮನೆಯದೇ ಎಂದಳು ಅವಳು. ತುಳಜವ್ವನ ಮಗಳು ತೊಟ್ಟಿಲಲ್ಲಿದ್ದಾಗ ನಿಂಬೆವ್ವ ಕೊಟ್ಟದ್ದು; ಇವಳಲ್ಲಿ ತೀರಿದಾಗ ಆಚೆ ಮನೆಯಿಂದ, ಅವರಲ್ಲಿ ತೀರಿದಾಗ ಇವಳಿಂದ, ಹೀಗೆ ಓಣಿಯಲ್ಲೇ ಸುತ್ತುತ್ತಿದೆ.

"ಹಂಗಾರ ಇದು ಆಕೀದ?" ಎಂದ ಸಾಹುಕಾರ.

ತುಳಜವ್ವ ಯೋಚಿಸಿ ಹೇಳಿದಳು: "ಆಕೀ ಕೊಟ್ಟಿದ್ದು ಅವತ್ತಽ ಹಾಲಾಗ ಕರಗಿ ಹೋತ್ರಿ. ದಿನಾ ಹೊಸಾದು. ಖರೇ, ಬ್ಯಾರೇದಂತೂ ಅಲ್ರಿ."

ಮರುದಿನ, ಇನ್ನೂ ಬಿಸಿಲಿರುವಾಗಲೇ, ಸಾಹುಕಾರ ಬಟ್ಟಲು ಹಿಡಿದು ಅವಳ ಬಾಗಿಲಲ್ಲಿ ನಿಂತ. ಬಾಗಿಲು ಮುಚ್ಚಿದವನು ಬಾಗಿಲಿಗೆ ಬಂದು ಬೇಡುವುದೆಂದರೆ ಸಣ್ಣ ಮಾತೇ? ಜನ್ಮದಲ್ಲಿ ಹಾಲು ಕಾಯಿಸಿದವನಲ್ಲ. ಕುದಿಯುವ ಹಾಲಿಗೇ ಹೆಪ್ಪು ಸುರಿದು ಕೆಡಿಸಿ ಮತ್ತೆ ಬಂದ. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ತುಳಜವ್ವ ಮತ್ತೆ ಕೊಟ್ಟಳು. ಈ ಸಲ ಮೊಸರು ಗಟ್ಟಿಯಾಗಿ ಕೂತಿತು. ಉಣ್ಣುತ್ತ ಉಣ್ಣುತ್ತ ಅತ್ತ. ಇನ್ನೊಂದು ತುತ್ತು, ಇನ್ನೊಂದೇ ತುತ್ತು ಎಂದು ಜೀವ ಹಾತೊರೆಯಿತು. ಆದರೂ ಕೈ ಹಿಂದೆಗೆದು, ನಾಳೆಗೆಂದು ತಳದಲ್ಲಿ ಒಂದಿಷ್ಟು ಬಿಟ್ಟ. ಇಳಿಹೊತ್ತಿಗೆ ಎದ್ದು ಹೋಗಿ ಮುಂಬಾಗಿಲು ತೆರೆದಿಟ್ಟ.

ಕಥೆ ಅವನದಾಯಿತು. ನಿಮ್ಮ ನೆಲುವಿನ ಮೇಲೆ ಏನು ತೂಗುತ್ತಿದೆ? "ಅಣ್ಣ ತಮ್ಮ ನಾವು ಹೆಂಗಿದ್ವಿ ಆಗ!" ಎನ್ನುತ್ತೀರಿ, ತಮ್ಮನ ಮನೆಗೆ ಹೋಗಿ ಎಷ್ಟು ದಿನವಾಯಿತು? ಮದುವೆಯ ಫೋಟೋಕ್ಕೆ ಚೌಕಟ್ಟು ಹಾಕಿಸಿದ್ದೀರಿ. ಅದರಲ್ಲಿರುವವಳಿಗೆ ಇವತ್ತು ಊಟವಾಯಿತೇ ಎಂದು ಕೇಳಿದಿರಾ? ಗುರುಗಳ ಮಾತು ಬಂಗಾರ ಎನ್ನುತ್ತೀರಿ. ಅದು ಇವತ್ತಿನ ಹಾಲಿಗೆ ಬಿತ್ತೇ? ನೋಡಿ, ಪ್ರೀತಿಗೆ ಹೂವು ಏರಿಸಿದರೆ ಸಾಲದು. ಹುಳ ಬೀಳುತ್ತದೆ. ನಿನ್ನೆಯದು ಒಂದೇ ಚಮಚ ಸಾಕು, ಹಾಲು ಮಾತ್ರ ಇವತ್ತಿನದೇ ಬೇಕು. ತೀರಿಹೋಗಿದ್ದರೆ ನಾಚಬೇಡಿ, ನೀವು ಯಾರಿಗೆ ಬಾಗಿಲು ಮುಚ್ಚಿದಿರೋ ಅವರ ಮನೆಗೇ ಬಟ್ಟಲು ಹಿಡಿದು ಹೋಗಿ. ಹೋಗುವುದಾದರೆ ಇನ್ನೂ ಬೆಳಕಿದೆ. ದೀಪ ಹಚ್ಚಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.